ಪದ ಪರಿಚಯ: ಜೀವನಾಂಶ ಮಾರ್ಪಾಡು

ವಿಚ್ಛೇದನದ ನಂತರ ಮಗುವಿನ ಪಾಲನೆಗೆಂದು ನ್ಯಾಯಾಲಯ ಗೊತ್ತುಪಡಿಸಿದ ಮೊತ್ತವನ್ನು, ಸಂದರ್ಭ ಬದಲಾದಾಗ ಅದೇ ನ್ಯಾಯಾಲಯದ ಮೂಲಕ ಹೆಚ್ಚಿಸಿಕೊಳ್ಳುವ, ಇಳಿಸಿಕೊಳ್ಳುವ ಅಥವಾ ರದ್ದುಪಡಿಸಿಕೊಳ್ಳುವ ಕ್ರಮವೇ ಜೀವನಾಂಶ ಮಾರ್ಪಾಡು. ಹಿಂದೂ ವಿವಾಹ ಕಾಯ್ದೆ, 1955ರ ಕಲಂ 26ರಂತೆ ಮಕ್ಕಳ ಸುಪರ್ದು (ಮಗು ಯಾರ ಬಳಿ ಇರಬೇಕೆಂಬುದು), ಪಾಲನೆ ಮತ್ತು ಶಿಕ್ಷಣದ ಕುರಿತ ಆದೇಶಗಳನ್ನು ಡಿಕ್ರಿ (ಅಂತಿಮ ತೀರ್ಪು) ಆದ ಮೇಲೂ ಬದಲಿಸಬಹುದು. ಧರ್ಮಭೇದವಿಲ್ಲದೆ ಅನ್ವಯಿಸುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 146 ಕೂಡ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 127, ಇದಕ್ಕೆ ಅವಕಾಶ ಕೊಡುತ್ತದೆ.

ಆದಾಯದ ಏರಿಳಿತ, ಮಗುವಿನ ಕಾಯಿಲೆ ಇಂಥವು ಪರಿಚಿತ ಕಾರಣಗಳು. ಸುಪರ್ದಿನ ಹಂಚಿಕೆ ಬದಲಾದಾಗಲೇ ಗೊಂದಲ ಹೆಚ್ಚು. ಕರ್ನಾಟಕ ಹೈಕೋರ್ಟ್ 2013ರ ಒಂದು ಪ್ರಕರಣದಲ್ಲಿ, ಹನ್ನೆರಡು ವರ್ಷದ ಬಾಲಕ ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ಇರಬೇಕೆಂದೂ ಅವನ ಶಿಕ್ಷಣದ ವೆಚ್ಚವನ್ನು ಇಬ್ಬರೂ ಸಮನಾಗಿ ಭರಿಸಬೇಕೆಂದೂ ಆದೇಶಿಸಿತು. ದಿನಗಳು ಸಮ, ಖರ್ಚೂ ಸಮ. ಆದರೆ ಎಲ್ಲ ಮನೆಗಳಿಗೂ ಈ ಲೆಕ್ಕ ಒಗ್ಗುವುದಿಲ್ಲ.

ವಾರಾಂತ್ಯಕ್ಕಷ್ಟೇ ತಂದೆಯ ಮನೆಗೆ ಹೋಗುತ್ತಿದ್ದ ಮಗಳು ಈಗ ತಿಂಗಳಲ್ಲಿ ಹದಿನೈದು ದಿನ ಅಲ್ಲಿಯೇ ಇರುತ್ತಾಳೆ ಎನ್ನೋಣ. ತಾಯಿಯ ಮನೆಯಲ್ಲಿ ಹಾಲು, ತರಕಾರಿಯ ಖರ್ಚು ಒಂದಿಷ್ಟು ತಗ್ಗಬಹುದು. ಆದರೆ ಮಗಳಿಗೊಂದು ಕೋಣೆ ಬೇಕೆಂದು ಹಿಡಿದ ಮನೆಯ ಬಾಡಿಗೆಯಾಗಲಿ, ಶಾಲೆಯ ಶುಲ್ಕವಾಗಲಿ, ವ್ಯಾನಿನವನಿಗೆ ಕೊಡುವ ದುಡ್ಡಾಗಲಿ ಅರ್ಧಕ್ಕಿಳಿಯುವುದಿಲ್ಲ. ಆದ್ದರಿಂದ ಕ್ಯಾಲೆಂಡರಿನ ದಿನಗಳನ್ನು ಎಣಿಸಿ ಜೀವನಾಂಶವನ್ನು ಭಾಗಿಸುವ ವಾದ ಮೇಲ್ನೋಟಕ್ಕೆ ನ್ಯಾಯವೆನಿಸಿದರೂ ಪೊಳ್ಳು. ಭಾರತದ ಕಾನೂನಿನಲ್ಲಿ ಅಂಥ ಸೂತ್ರವೂ ಇಲ್ಲ. ಮಗುವಿನ ಅಗತ್ಯ ಮತ್ತು ಇಬ್ಬರ ಗಳಿಕೆಯನ್ನು ನೋಡಿ ನ್ಯಾಯಾಧೀಶರು ನಿರ್ಧರಿಸುತ್ತಾರೆ. ಇದಕ್ಕೆಂದೇ ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ಟನ್ನು, ಅಂದರೆ ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆಯನ್ನು, ಎರಡೂ ಕಡೆಯವರು ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ನಿರ್ದೇಶಿಸಿದೆ.

ಮಾರ್ಪಾಡು ತಾನಾಗಿ ಆಗುವುದಿಲ್ಲ. ‘ಮಗು ನನ್ನಲ್ಲೇ ಇದೆಯಲ್ಲ’ ಎಂದು ಹಣವನ್ನು ತಾವೇ ಕಡಿತಗೊಳಿಸಿದವರ ಮೇಲೆ ಆ ಮೊತ್ತ ಬಾಕಿಯಾಗಿ ನಿಲ್ಲುತ್ತದೆ, ವಸೂಲಿಗೆ ವಾರಂಟ್ ಕೂಡ ಹೊರಡಬಹುದು. ಇಬ್ಬರೂ ಫೋನಿನಲ್ಲೇ ಒಪ್ಪಿಕೊಂಡಿದ್ದರೂ ಅದನ್ನು ಬರವಣಿಗೆಗಿಳಿಸಿ ನ್ಯಾಯಾಲಯದಲ್ಲಿ ದಾಖಲಿಸುವುದು ಲೇಸು. ಹೊಸ ಆದೇಶ ಹೊರಬೀಳುವವರೆಗೆ ಹಳೆಯ ಆದೇಶದ ಮೊತ್ತವನ್ನೇ ಕಟ್ಟುತ್ತಿರಬೇಕು.