ಪದ ಪರಿಚಯ: ಬೇಸಿಕ್ ಸ್ಟ್ರಾಟಜಿ

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದರೆ ಪಣಜಿ. ಅಲ್ಲಿ ಮಾಂಡವಿ ನದಿಯಲ್ಲಿ ಕ್ಯಾಸಿನೋ ಹಡಗುಗಳು. ಗೋವಾ ಸುತ್ತಿ ಬಂದ ನಮ್ಮ ಅಣ್ಣನ ಮಗ ಚಪ್ಪಲಿ ಬಿಡುತ್ತಲೇ ಕೇಳಿದ: "ಕಾಕಾ, ಬೇಸಿಕ್ ಸ್ಟ್ರಾಟಜಿ ಕಲ್ತ್ರ ಬ್ಲ್ಯಾಕ್‌ಜ್ಯಾಕ್‌ದಾಗ ಗೆಲ್ಲೂದು ಗ್ಯಾರಂಟಿ ಅಂತ, ಖರೇನ?"

ಖರೆ ಅಲ್ಲ. ಆದರೆ ಪದ ಸುಳ್ಳಲ್ಲ. ಬ್ಲ್ಯಾಕ್‌ಜ್ಯಾಕ್ ಎಂಬ ಇಸ್ಪೀಟಾಟದಲ್ಲಿ ನಿಮ್ಮ ಕೈಯಲ್ಲಿರುವ ಎಲೆಗಳ ಮೊತ್ತ ಎಷ್ಟು, ಡೀಲರ್ (ಕ್ಯಾಸಿನೋ ಪರವಾಗಿ ಎಲೆ ಹಂಚಿ ಆಡುವವನು) ತೆರೆದಿಟ್ಟ ಎಲೆ ಯಾವುದು, ಈ ಎರಡನ್ನು ನೋಡಿ ಎಲೆ ಎಳೆಯಬೇಕೋ, ಸುಮ್ನೆ ಕೂರಬೇಕೋ, ಪಣ ದುಪ್ಪಟ್ಟು ಮಾಡಬೇಕೋ, ಒಂದೇ ಬೆಲೆಯ ಜೋಡಿ ಎಲೆ ಬಂದರೆ ಅದನ್ನು ಒಡೆದು ಎರಡು ಕೈಯಾಗಿ ಆಡಬೇಕೋ ಎಂದು ಮೊದಲೇ ಲೆಕ್ಕ ಹಾಕಿಟ್ಟ ಕೋಷ್ಟಕವೇ ಬೇಸಿಕ್ ಸ್ಟ್ರಾಟಜಿ. 'ಮೂಲ ತಂತ್ರ' ಎಂದರೆ ಏನೋ ಕೈಚಳಕ ಅನಿಸುತ್ತದೆ. ನನಗೆ 'ಮಗ್ಗಿ' ಎನ್ನುವುದೇ ಸರಿ ಕಾಣುತ್ತದೆ. ಬಾಯಿಪಾಠ ಮಾಡಬೇಕು, ಅಷ್ಟೇ.

ಆಟ ಗೊತ್ತಲ್ವಾ? ಎಲೆಗಳ ಮೊತ್ತದಲ್ಲಿ ಡೀಲರ್‌ಗಿಂತ 21ರ ಹತ್ತಿರ ಹೋಗಬೇಕು, ದಾಟಿದರೆ ಸೋಲು. ರಾಜಾ, ರಾಣಿ, ಗುಲಾಮಕ್ಕೆ ಹತ್ತು, ಎಕ್ಕಕ್ಕೆ ಒಂದು ಇಲ್ಲವೇ ಹನ್ನೊಂದು. ಡೀಲರ್‌ಗೆ ಸ್ವಂತ ಬುದ್ಧಿ ಓಡಿಸುವ ಹಾಗಿಲ್ಲ. 16ರವರೆಗೆ ಎಳೆಯಲೇಬೇಕು, 17 ಆದರೆ ನಿಲ್ಲಬೇಕು. ಅದಕ್ಕೇ ಅವನ ಗತಿ ಏನಾಗಬಹುದು ಎಂದು ಲೆಕ್ಕ ಹಾಕಲು ಬರುತ್ತದೆ.

ಶೇಂಗಾ ಪಣ ಇಟ್ಟು ನಾವಿಬ್ಬರೂ ಚಾಪೆ ಮೇಲೆ ಕೂತೆವು. ಅವನಿಗೆ ರಾಜಾ ಮತ್ತು ಆರು ಬಿತ್ತು, ಒಟ್ಟು 16. ಡೀಲರ್ ನಾನು, ನನ್ನ ಮುಂದೆ ತೆರೆದ ಎಲೆ ಹತ್ತು. "ಎಳೀಲೋ ಬ್ಯಾಡೋ?" ಎಂದು ತಲೆ ಕೆರೆದುಕೊಂಡ. 13 ಬಗೆಯ ಎಲೆಗಳಲ್ಲಿ ಅವನನ್ನು ಉಳಿಸುವವು ಐದೇ: ಎಕ್ಕದಿಂದ ಐದರವರೆಗೆ. ಉಳಿದ ಎಂಟರಲ್ಲಿ ಯಾವುದು ಬಂದರೂ ಮುಗಿಯಿತು. ಆದರೂ ಮಗ್ಗಿ ಹೇಳುವುದು ಎಳೆ ಅಂತಲೇ. ಕೂತರೂ ಸೋಲೇ ಜಾಸ್ತಿ, ಎಳೆದರೆ ಕೂದಲೆಳೆಯಷ್ಟು ಕಡಿಮೆ. ನನ್ನ ಮುಂದೆ ಹತ್ತರ ಬದಲು ಆರು ಇದ್ದಿದ್ದರೆ ಅವನು ಸುಮ್ನೆ ಕೂರಬೇಕಿತ್ತು, ಯಾಕೆಂದರೆ ಆರು ತೆರೆದ ಡೀಲರ್ ನೂರಕ್ಕೆ ಸುಮಾರು 42 ಸಲ ತಾನೇ 21 ದಾಟುತ್ತಾನೆ. ಅವನು ಎಳೆದ. ರಾಣಿ ಬಂತು. "ನಿಮ್ಮ ಮಗ್ಗಿ ತಪ್ಪು, ಕಾಕಾ!" ಎಂದ. ಮಗ್ಗಿ ತಪ್ಪಲಿಲ್ಲ, ಎಲೆ ಕೈಕೊಟ್ಟಿತು. ಈ ಎರಡರ ವ್ಯತ್ಯಾಸ ತಿಳಿದರೆ ಪದದ ಮುಕ್ಕಾಲು ಅರ್ಥ ತಿಳಿದಂತೆ.

ಇದನ್ನು ಮೊದಲು ಸರಿಯಾಗಿ ಲೆಕ್ಕ ಹಾಕಿದವರು ಜೂಜುಕೋರರಲ್ಲ, ಅಮೆರಿಕದ ಸೇನೆಯಲ್ಲಿದ್ದ ನಾಲ್ವರು. ಮೇಜಿನ ಮೇಲಿಡುವ ಕ್ಯಾಲ್ಕುಲೇಟರ್ ಇಟ್ಟುಕೊಂಡೇ ಲೆಕ್ಕ ಮುಗಿಸಿ, 1956ರಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಆಮೇಲೆ ಗಣಿತಜ್ಞ ಎಡ್ವರ್ಡ್ ಥಾರ್ಪ್ ಕಂಪ್ಯೂಟರ್ ಹಿಡಿದು ಅದನ್ನು ಇನ್ನಷ್ಟು ತಿದ್ದಿದರು. 1962ರ ಅವರ ಪುಸ್ತಕದಿಂದ ಹೆಸರಾದ ಕಾರ್ಡ್ ಕೌಂಟಿಂಗ್ ಬೇರೆಯೇ ವಿದ್ಯೆ. ಹೋದ ಎಲೆಗಳನ್ನು ನೆನಪಿಟ್ಟು ಪಣ ಏರಿಸಿ ಇಳಿಸುವುದು ಅದು. ಜನ ಎರಡನ್ನೂ ಕಲಸುತ್ತಾರೆ.

ಮಗ್ಗಿ ತಪ್ಪದೆ ಆಡಿದರೂ, ಒಳ್ಳೆಯ ನಿಯಮಗಳ ಟೇಬಲ್‌ನಲ್ಲಿ 100 ರೂಪಾಯಿ ಪಣಕ್ಕೆ ಸರಾಸರಿ 50 ಪೈಸೆಯಷ್ಟು ಕ್ಯಾಸಿನೋಗೇ ಹೋಗುತ್ತದೆ. ಅಂದಾಜಿನ ಮೇಲೆ ಆಡುವವರದು ಇದಕ್ಕಿಂತ ಎಷ್ಟೋ ಜಾಸ್ತಿ. ಟೇಬಲ್ ಮೇಲೆ ಬರೆದಿರುವುದನ್ನೂ ಓದಬೇಕು. ಎಕ್ಕ ಮತ್ತು ಹತ್ತರ ಎಲೆ ಒಟ್ಟಿಗೆ ಬಂದರೆ 100ಕ್ಕೆ 150 ಕೊಡುವ ಕಡೆ ಈ 50 ಪೈಸೆಯ ಲೆಕ್ಕ. 120 ಮಾತ್ರ ಕೊಡುವ ಕಡೆ ಅದು ಎರಡು ರೂಪಾಯಿ ಹತ್ತಿರ ಹೋಗುತ್ತದೆ. ನಮ್ಮ ಹುಡುಗ ಆ ಬರಹ ನೋಡಿಯೇ ಇರಲಿಲ್ಲ.