ಅಲ್ ಅಹ್ಲಿ: 12 ಆಫ್ರಿಕನ್ ಕಪ್‌ಗಳು, ಖಾಲಿಯಾದ ಗ್ಯಾಲರಿಗಳು

ಈಜಿಪ್ಟಿನ ಕೈರೋದ ಫುಟ್‌ಬಾಲ್ ಕ್ಲಬ್ ಅಲ್ ಅಹ್ಲಿ ಬಗ್ಗೆ ಮಾತು ಬಂದರೆ ಜನ ಮೊದಲು ಹೇಳುವುದು ಕಪ್‌ಗಳ ಲೆಕ್ಕ. ಆಫ್ರಿಕಾದ ಕ್ಲಬ್‌ಗಳ ಚಾಂಪಿಯನ್ ಪಟ್ಟ 12 ಸಲ. ಅದರ ನಂತರದ ಸ್ಥಾನದಲ್ಲಿರುವ ಕೈರೋದ್ದೇ ಆದ ಝಮಾಲೆಕ್ ಮತ್ತು ಕಾಂಗೋದ ಟಿಪಿ ಮಝೆಂಬೆ ತಲಾ 5 ಸಲ. ಲೆಕ್ಕವೇನೋ ಸರಿ. ಆದರೆ ಈ ಕ್ಲಬ್ಬಿನ ಕತೆಯನ್ನು ಕಪ್‌ಗಳಿಂದಷ್ಟೇ ಹೇಳಿದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಈಜಿಪ್ಟಿನ ಸಾಮಾನ್ಯ ಜನ ಒಟ್ಟಿಗೆ ಸೇರುವ ಜಾಗ ಯಾರ ಕೈಯಲ್ಲಿರಬೇಕು ಅನ್ನುವ ಜಗಳ ಈ ಕ್ಲಬ್ಬಿನ ಹುಟ್ಟಿನಿಂದಲೂ ಇದೆ, ಇವತ್ತಿಗೂ ಮುಗಿದಿಲ್ಲ.

1907ರಲ್ಲಿ ಈಜಿಪ್ಟ್ ಬ್ರಿಟಿಷರ ಹಿಡಿತಕ್ಕೆ ಬಂದು 25 ವರ್ಷವಾಗಿತ್ತು. ಒಮರ್ ಲುತ್ಫಿ ಅನ್ನುವ ವಕೀಲರು ಕಾಲೇಜು ವಿದ್ಯಾರ್ಥಿಗಳ ಸಂಘವೊಂದನ್ನು ನಡೆಸುತ್ತಿದ್ದರು. ದೇಶದ ವಿಷಯ ಮಾತಾಡಲು ಬರುತ್ತಿದ್ದ ಆ ಹುಡುಗರಿಗೆ ಆಟಕ್ಕೂ, ಬಿಡುವಿಗೂ ತಮ್ಮದೇ ಅನ್ನುವ ಒಂದು ಜಾಗ ಬೇಕು ಅಂತ ಅವರಿಗೆ ಅನಿಸಿತು. ಆ ವರ್ಷದ ಏಪ್ರಿಲ್ 24ರಂದು ಕ್ಲಬ್ ಶುರುವಾಯಿತು. ಮೊದಲ ಅಧ್ಯಕ್ಷರು ಮಾತ್ರ ಇಂಗ್ಲೆಂಡಿನವರು, ಹಣಕಾಸು ಇಲಾಖೆಯಲ್ಲಿದ್ದ ಮಿಚೆಲ್ ಇನ್ಸ್. ಆ ಕಾಲದಲ್ಲಿ ಅಂಥವರೊಬ್ಬರು ಮುಂದಿದ್ದರೆ ಕೆಲಸ ಸುಲಭವಾಗುತ್ತಿತ್ತು ಅಂತ ಕಾಣುತ್ತದೆ. ಮುಂದೆ ಬ್ರಿಟಿಷರ ವಿರುದ್ಧದ 1919ರ ದಂಗೆಯ ನಾಯಕರಾದ ಸಾದ್ ಝಗ್ಲೂಲ್ ಕೂಡ ಶುರುವಿನಿಂದಲೇ ಕ್ಲಬ್ ಜೊತೆಗಿದ್ದರು. 1925ರ ಹೊತ್ತಿಗೆ ಈಜಿಪ್ಟಿನವರಿಗೆ ಮಾತ್ರ ಸದಸ್ಯತ್ವ ಅಂತ ತೀರ್ಮಾನವಾಯಿತು.

ಫುಟ್‌ಬಾಲ್ ಬಂದಿದ್ದು ಸ್ವಲ್ಪ ತಡವಾಗಿ, 1911ರಲ್ಲಿ. ಅದೇ ವರ್ಷ ಬೆಲ್ಜಿಯಂನ ಮೆರ್ಝ್‌ಬಾಖ್ ಅನ್ನುವವರು ಇನ್ನೊಂದು ಕ್ಲಬ್ ಕಟ್ಟಿದರು. ಅದು ಮುಂದೆ ರಾಜ ಫಾರೂಕ್ ಹೆಸರಿಟ್ಟುಕೊಂಡಿತು, 1952ರಲ್ಲಿ ರಾಜನ ಆಳ್ವಿಕೆ ಹೋದ ಮೇಲೆ ಝಮಾಲೆಕ್ ಆಯಿತು. ಅವರದ್ದು ಪರದೇಶಿಗಳ, ರಾಜನ ಕ್ಲಬ್, ನಮ್ಮದು ಜನರ ಕ್ಲಬ್ ಅಂತ ಅಹ್ಲಿಯವರು ಇವತ್ತಿಗೂ ಹೇಳುತ್ತಾರೆ. ಅದು ಪೂರ್ತಿ ನ್ಯಾಯದ ಮಾತಲ್ಲ. ಅಹ್ಲಿಯ ಆಡಳಿತದಲ್ಲೂ ಆಗ ಪಾಷಾ ಬಿರುದಿನ ದೊಡ್ಡ ಮನುಷ್ಯರೇ ತುಂಬಿದ್ದರು. ಆದರೂ ಆ ನಂಬಿಕೆ ಜನರಲ್ಲಿ ಗಟ್ಟಿಯಾಗಿ ಬೇರೂರಿತು, ಮುಂದೆ ನಡೆದದ್ದಕ್ಕೆಲ್ಲ ಅದೇ ಬುನಾದಿ.

ಮಧ್ಯದ ವರ್ಷಗಳನ್ನು ಬೇಗ ಹೇಳಿಬಿಡಬಹುದು. 1948ರಲ್ಲಿ ರಾಷ್ಟ್ರೀಯ ಲೀಗ್ ಶುರುವಾಯಿತು, ಮುಗಿದ ಮೊದಲ 9 ಲೀಗ್‌ಗಳನ್ನೂ ಅಹ್ಲಿಯೇ ಗೆದ್ದಿತು. ದೇಶವನ್ನು ಆಳುತ್ತಿದ್ದ ಗಮಾಲ್ ಅಬ್ದೆಲ್ ನಾಸರ್ 1956ರಲ್ಲಿ ಕ್ಲಬ್ಬಿನ ಗೌರವ ಅಧ್ಯಕ್ಷರಾದರು. ಬ್ರಿಟಿಷರ ಕಾಲದಲ್ಲಿ ಸರ್ಕಾರಕ್ಕೆ ಎದುರಾಗಿ ನಿಂತವರ ಜಾಗ ಈಗ ಸರ್ಕಾರಕ್ಕೂ ಬೇಕಾಯಿತು, ಅಲ್ವಾ? 1967ರಲ್ಲಿ ಇಸ್ರೇಲ್ ಜೊತೆಗಿನ ಯುದ್ಧದ ಸೋಲಿನ ನಂತರ ಲೀಗ್ ಹಲವು ವರ್ಷ ನಿಂತೇ ಹೋಯಿತು. 1973ರಲ್ಲಿ ಹಂಗೇರಿಯ ಹಳೆಯ ಹೀರೋ ನಾಂದೋರ್ ಹಿಡೆಗ್‌ಕುಟಿ ಕೋಚ್ ಆಗಿ ಬಂದರು, 1980ರವರೆಗೂ ಇದ್ದು ಹೊಸ ತಂಡ ಕಟ್ಟಿಕೊಟ್ಟರು. ಆ ಪೀಳಿಗೆಯ ಮಹಮೂದ್ ಅಲ್ ಖತೀಬ್ 1983ರಲ್ಲಿ ಆಫ್ರಿಕಾದ ವರ್ಷದ ಆಟಗಾರ. ಅದಕ್ಕೆ ಒಂದು ವರ್ಷ ಮುಂಚೆ, 1982ರಲ್ಲಿ, ಘಾನಾದ ಅಸಾಂಟೆ ಕೊಟೊಕೊ ತಂಡವನ್ನು ಸೋಲಿಸಿ ಅಹ್ಲಿ ಮೊದಲ ಆಫ್ರಿಕನ್ ಪಟ್ಟ ಗೆದ್ದಿತ್ತು. ಆಗ ಅಧ್ಯಕ್ಷರಾಗಿದ್ದವರು ಸಾಲಿಹ್ ಸಲೀಮ್, ಹಿಂದೆ ಕ್ಲಬ್ಬಿಗೆ ಆಡಿದ್ದವರು, ಸಿನಿಮಾಗಳಲ್ಲೂ ನಟಿಸಿದ್ದವರು.

ಅಹ್ಲಿಯ ಹೆಸರು ಆಫ್ರಿಕಾದ ಆಚೆಗೂ ಹರಡಿದ್ದು ಪೋರ್ಚುಗಲ್‌ನ ಮನುಯೆಲ್ ಜೋಸೆ ಕೋಚ್ ಆದ ಮೇಲೆ. 2001ರ ಆಗಸ್ಟ್‌ನಲ್ಲಿ ಕೈರೋದಲ್ಲಿ ಒಂದು ಸ್ನೇಹಪಂದ್ಯದಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ 1-0 ಗೆಲುವು, ಅದೇ ವರ್ಷ ಆಫ್ರಿಕನ್ ಕಪ್, ಆಮೇಲೆ 2005, 2006, 2008ರಲ್ಲಿ ಮತ್ತೆ ಮತ್ತೆ ಅದೇ ಕಪ್. 2006ರ ಫೈನಲ್‌ನಲ್ಲಿ ಟ್ಯುನೀಷಿಯಾದ ಸ್ಫಾಕ್ಸಿಯನ್ ತಂಡದ ಎದುರು ಅವರದೇ ದೇಶದಲ್ಲಿ, ಹೆಚ್ಚುವರಿ ನಿಮಿಷಗಳಲ್ಲಿ ಮೊಹಮದ್ ಅಬೂತ್ರಿಕಾ ದೂರದಿಂದ ಹೊಡೆದ ಗೋಲನ್ನು ಅಹ್ಲಿ ಅಭಿಮಾನಿ ಯಾರೂ ಮರೆತಿಲ್ಲ. ಅದಾಗಿ ಕೆಲವೇ ವಾರಗಳಲ್ಲಿ ಜಪಾನಿನಲ್ಲಿ ನಡೆದ ಕ್ಲಬ್ ವಿಶ್ವಕಪ್‌ನಲ್ಲಿ ಮೆಕ್ಸಿಕೋದ ಕ್ಲಬ್ ಅಮೆರಿಕ ತಂಡವನ್ನು 2-1ರಿಂದ ಸೋಲಿಸಿ ಮೂರನೇ ಸ್ಥಾನ. ಎರಡೂ ಗೋಲು ಅಬೂತ್ರಿಕಾ ಅವರದ್ದೇ.

ಇಷ್ಟೆಲ್ಲ ಗೆಲುವಿನ ನಡುವೆ ಗ್ಯಾಲರಿಯಲ್ಲಿ ಬೇರೆಯೇ ಒಂದು ವಿಷಯ ಬೆಳೆಯುತ್ತಿತ್ತು. 2007ರಲ್ಲಿ ಅಲ್ಟ್ರಾಸ್ ಅಹ್ಲಾವಿ ಅನ್ನುವ ಅಭಿಮಾನಿಗಳ ಗುಂಪು ಹುಟ್ಟಿತು. ಹೆಚ್ಚಿನವರು ಹುಡುಗರು, ಇಪ್ಪತ್ತರ ಆಸುಪಾಸಿನವರು. ಪಂದ್ಯ ಪೂರ್ತಿ ನಿಂತು ಹಾಡುವುದು, ದೊಡ್ಡ ಬ್ಯಾನರ್ ಹಿಡಿಯುವುದು, ಪಂಜು ಹಚ್ಚುವುದು. ಅಧ್ಯಕ್ಷ ಹೊಸ್ನಿ ಮುಬಾರಕ್ ಕಾಲದ ಈಜಿಪ್ಟಿನಲ್ಲಿ ಸಾವಿರಾರು ಯುವಕರು ಯಾರ ಅಪ್ಪಣೆಯನ್ನೂ ಕೇಳದೆ ಒಂದು ಕಡೆ ಸೇರುತ್ತಿದ್ದ ಜಾಗ ಬೇರೆ ಹೆಚ್ಚೇನೂ ಇರಲಿಲ್ಲ. ಪೊಲೀಸರಿಗೆ ಅದು ಸಹಿಸಲಿಲ್ಲ. ಗೇಟಿನಲ್ಲಿ ಹೊಡೆತ, ಬಂಧನ, ಅದಕ್ಕೆ ಇವರ ಪ್ರತಿಹೊಡೆತ, ಹೀಗೆ ನಾಲ್ಕು ವರ್ಷ ನಡೆಯಿತು. 2011ರ ಜನವರಿಯಲ್ಲಿ ಕೈರೋದ ತಹ್ರೀರ್ ಚೌಕದಲ್ಲಿ ಮುಬಾರಕ್ ವಿರುದ್ಧ ಜನ ಸೇರಿದಾಗ ಪೊಲೀಸರ ಸಾಲನ್ನು ಎದುರಿಸುವುದು ಹೇಗೆ ಅಂತ ಗೊತ್ತಿದ್ದ ಕೆಲವೇ ಗುಂಪುಗಳಲ್ಲಿ ಅಹ್ಲಿ ಮತ್ತು ಝಮಾಲೆಕ್ ಅಲ್ಟ್ರಾಗಳೂ ಇದ್ದರು. ಅವರಿಂದಲೇ ಕ್ರಾಂತಿ ಆಯಿತು ಅನ್ನುವುದು ಉತ್ಪ್ರೇಕ್ಷೆ. ಆದರೆ ಅವರು ಅಲ್ಲಿದ್ದರು, ಮುಂದಿನ ಸಾಲಿನಲ್ಲಿದ್ದರು.

ಒಂದು ವರ್ಷದ ನಂತರ, 2012ರ ಫೆಬ್ರವರಿ 1, ಪೋರ್ಟ್ ಸೈದ್. ಆ ಊರಿನ ಅಲ್ ಮಸ್ರಿ ತಂಡದ ಜೊತೆ ಪಂದ್ಯ. ಅಲ್ ಮಸ್ರಿಯೇ 3-1ರಿಂದ ಗೆದ್ದಿತು, ಹಾಗಿದ್ದರೂ ಕೊನೆಯ ಸೀಟಿ ಊದುತ್ತಿದ್ದಂತೆ ಸಾವಿರಾರು ಜನ ಮೈದಾನಕ್ಕೆ ನುಗ್ಗಿ ಅಹ್ಲಿ ಅಭಿಮಾನಿಗಳಿದ್ದ ಗ್ಯಾಲರಿಯ ಕಡೆ ಓಡಿದರು. ಕೈಯಲ್ಲಿ ದೊಣ್ಣೆ, ಚಾಕು. ಪೊಲೀಸರು ಸಾಲಾಗಿ ನಿಂತು ನೋಡುತ್ತಿದ್ದರು. ಕ್ರೀಡಾಂಗಣದ ದೀಪಗಳು ಆರಿದವು. ಹೊರಹೋಗುವ ಗೇಟಿಗೆ ಬೀಗ ಹಾಕಿತ್ತು, ಆ ಕಿರಿದಾದ ದಾರಿಯಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಉಸಿರುಗಟ್ಟಿ ಎಷ್ಟೋ ಜನ ಸತ್ತರು, ಕೆಲವರನ್ನು ಗ್ಯಾಲರಿಯ ಮೇಲಿಂದ ತಳ್ಳಲಾಯಿತು. ಗಾಯಗೊಂಡವರನ್ನು ಆಟಗಾರರ ಡ್ರೆಸ್ಸಿಂಗ್ ರೂಮಿಗೆ ಹೊತ್ತು ತಂದರು. ಅಲ್ಲಿ ಒಬ್ಬ ಹುಡುಗ ಅಬೂತ್ರಿಕಾ ಅವರ ತೋಳಿನಲ್ಲೇ ಪ್ರಾಣ ಬಿಟ್ಟ. ಸತ್ತವರು ಒಟ್ಟು 74, ಅವರಲ್ಲಿ 72 ಮಂದಿ ಅಹ್ಲಿಯ ಅಭಿಮಾನಿಗಳು. ಅಂದಿನಿಂದ 72 ಅನ್ನುವ ಸಂಖ್ಯೆ ಈ ಕ್ಲಬ್ಬಿನ ಜನರಿಗೆ ಬರೀ ಸಂಖ್ಯೆಯಲ್ಲ.

ಹಿಂದಿನ ವರ್ಷದ ಸೇಡನ್ನು ಪೊಲೀಸರು ತೀರಿಸಿಕೊಂಡರು ಅಂತ ಅಲ್ಟ್ರಾಗಳು ನಂಬಿದರು. ನ್ಯಾಯಾಲಯದಲ್ಲಿ ಪೊಲೀಸ್ ಅಧಿಕಾರಿಗಳಿಗೂ ಶಿಕ್ಷೆಯಾಯಿತು, ಆದರೆ ಆರೋಪಿಗಳಾಗಿದ್ದ ಹೆಚ್ಚಿನ ಪೊಲೀಸರು ಬಿಡುಗಡೆಯಾದರು. 2013ರ ಜನವರಿಯಲ್ಲಿ 21 ಜನರಿಗೆ ಮರಣದಂಡನೆ ಅಂತ ಬಂದಾಗ ಪೋರ್ಟ್ ಸೈದ್‌ನಲ್ಲಿ ಗಲಭೆಯಾಗಿ ಇನ್ನೂ ಹತ್ತಾರು ಜನ ಸತ್ತರು. 2017ರಲ್ಲಿ ಮೇಲಿನ ನ್ಯಾಯಾಲಯ ಅದನ್ನು 10 ಜನರಿಗೆ ಖಾಯಂ ಮಾಡಿತು. ಅಷ್ಟು ದೊಡ್ಡ ಸಾವಿಗೆ ಇದು ನ್ಯಾಯ ಅಂತ ಎರಡೂ ಊರಿನವರಿಗೆ ಅನಿಸಲಿಲ್ಲ.

ದುರಂತದ ನಂತರ ಲೀಗ್ ರದ್ದಾಯಿತು. 2012ರ ಸೆಪ್ಟೆಂಬರ್‌ನಲ್ಲಿ ಸೂಪರ್ ಕಪ್ ಪಂದ್ಯ ಇಟ್ಟಾಗ, ಸತ್ತವರಿಗೆ ನ್ಯಾಯ ಸಿಗುವ ಮೊದಲು ಆಡುವುದಿಲ್ಲ ಅಂತ ಅಬೂತ್ರಿಕಾ ಹಿಂದೆ ಸರಿದರು. ಸಹ ಆಟಗಾರರು ಆಡಿದರು. ಕ್ಲಬ್ ಅಬೂತ್ರಿಕಾ ಅವರಿಗೆ ದಂಡ ಹಾಕಿತು, ಎರಡು ತಿಂಗಳು ಹೊರಗಿಟ್ಟಿತು. ನನ್ನ ಪ್ರಕಾರ ಕ್ಲಬ್ಬಿನ ಇತಿಹಾಸದಲ್ಲಿ ಆಡಳಿತ ಮಾಡಿದ ಅತಿ ದೊಡ್ಡ ತಪ್ಪು ಅದು. ಅದೇ ನವೆಂಬರ್‌ನಲ್ಲಿ, ದೇಶದಲ್ಲಿ ಲೀಗೇ ನಡೆಯದೆ ಇದ್ದಾಗ, ತಂಡ ಟ್ಯುನಿಸ್‌ಗೆ ಹೋಗಿ ಎಸ್ಪೆರಾನ್ಸ್ ತಂಡವನ್ನು 2-1ರಿಂದ ಸೋಲಿಸಿ ಆಫ್ರಿಕಾ ಚಾಂಪಿಯನ್ ಆಯಿತು. ಇಂಥ ಗೆಲುವು ಫುಟ್‌ಬಾಲ್‌ನಲ್ಲಿ ತುಂಬ ಕಡಿಮೆ.

ಮರುವರ್ಷ ಸೇನೆ ಅಧಿಕಾರ ಹಿಡಿದ ಮೇಲೆ ಬಾಯಿ ಮುಚ್ಚಿಸುವ ಕೆಲಸ ಇನ್ನೂ ಜಾಸ್ತಿಯಾಯಿತು. 2013ರ ಆಫ್ರಿಕನ್ ಫೈನಲ್‌ನಲ್ಲಿ ಗೋಲು ಹೊಡೆದ ಅಹ್ಮದ್ ಅಬ್ದುಲ್ ಝಾಹಿರ್ ನಾಲ್ಕು ಬೆರಳು ಎತ್ತಿ ತೋರಿಸಿದರು. ಆ ವರ್ಷ ಕೈರೋದ ರಾಬಾ ಚೌಕದಲ್ಲಿ ಭದ್ರತಾ ಪಡೆಗಳ ಕೈಯಲ್ಲಿ ಸತ್ತ ಪ್ರತಿಭಟನಾಕಾರರ ನೆನಪಿನ ಗುರುತು ಅದು. ಕ್ಲಬ್ ಅವರನ್ನು ಅಮಾನತು ಮಾಡಿ ಮಾರಾಟಕ್ಕಿಟ್ಟಿತು. ಅಬೂತ್ರಿಕಾ ಅವರ ಹೆಸರನ್ನು 2017ರಲ್ಲಿ ಭಯೋತ್ಪಾದಕರ ಪಟ್ಟಿಗೆ ಸೇರಿಸಲಾಯಿತು. ಕತಾರ್‌ನಲ್ಲಿದ್ದ ಅವರು ಊರಿಗೆ ಮರಳಲು ಆಗಲಿಲ್ಲ. ಲೀಗ್ ಪಂದ್ಯಗಳು ವರ್ಷಗಟ್ಟಲೆ ಖಾಲಿ ಗ್ಯಾಲರಿಗಳ ಮುಂದೆ ನಡೆದವು. 2018ರ ಮೇ ತಿಂಗಳಲ್ಲಿ ಅಲ್ಟ್ರಾಸ್ ಅಹ್ಲಾವಿ ತಾನೇ ತನ್ನನ್ನು ವಿಸರ್ಜಿಸಿಕೊಂಡಿತು.

ಇಷ್ಟಾದರೂ ಮೈದಾನದಲ್ಲಿ ತಂಡ ಗೆಲ್ಲುವುದನ್ನು ಬಿಡಲಿಲ್ಲ. 2019ರಲ್ಲಿ ದಕ್ಷಿಣ ಆಫ್ರಿಕಾದ ಸನ್‌ಡೌನ್ಸ್ ವಿರುದ್ಧ 5-0 ಸೋಲು ಬಂತು, ಕ್ಲಬ್ ಮರುವರ್ಷ ಆ ಸನ್‌ಡೌನ್ಸ್‌ನ ಕೋಚ್ ಪಿಟ್ಸೊ ಮೊಸಿಮಾನೆ ಅವರನ್ನೇ ಕರೆತಂದಿತು. ಅವರು ಬಂದು ಎರಡೇ ತಿಂಗಳಲ್ಲಿ ಆಫ್ರಿಕನ್ ಫೈನಲ್, ಎದುರಿಗೆ ಝಮಾಲೆಕ್! 86ನೇ ನಿಮಿಷದಲ್ಲಿ ಕಫ್ಶಾ ಹೊಡೆದ ಗೋಲಿನಿಂದ 2-1 ಗೆಲುವು. ಕೊರೋನಾ ಕಾರಣಕ್ಕೆ ಆ ಪಂದ್ಯಕ್ಕೂ ಪ್ರೇಕ್ಷಕರಿರಲಿಲ್ಲ. 2021, 2023, 2024ರಲ್ಲಿ ಮತ್ತೆ ಮೂರು ಕಪ್ ಸೇರಿದವು.

ಈಗ ಜನ ಮತ್ತೆ ಒಳಗೆ ಬರುತ್ತಿದ್ದಾರೆ, ಆದರೆ ಟಿಕೆಟ್ ಬೇಕಾದರೆ ತಝ್ಕರ್ತಿ ಅನ್ನುವ ವ್ಯವಸ್ಥೆಯಲ್ಲಿ ಗುರುತಿನ ಚೀಟಿಯ ವಿವರ ಕೊಟ್ಟು ನೋಂದಾಯಿಸಿಕೊಳ್ಳಬೇಕು. ಯಾರು ಬಂದರು, ಎಲ್ಲಿ ಕೂತರು ಅನ್ನುವುದು ದಾಖಲಾಗುತ್ತದೆ. 2025ರ ಜೂನ್‌ನಲ್ಲಿ ಕ್ಲಬ್ ವಿಶ್ವಕಪ್‌ನ ಮೊದಲ ಪಂದ್ಯಕ್ಕೆ ಅಹ್ಲಿ ಮಯಾಮಿಗೆ ಹೋಯಿತು, ಮೆಸ್ಸಿಯ ಇಂಟರ್ ಮಯಾಮಿ ಜೊತೆ 0-0 ಡ್ರಾ. ಎದುರಾಳಿಯ ಊರಿನಲ್ಲೇ ಕೆಂಪು ಅಂಗಿಯವರು ದೊಡ್ಡ ಸಂಖ್ಯೆಯಲ್ಲಿ ಸೇರಿ ಪಂದ್ಯ ಪೂರ್ತಿ ಕೂಗಿದರು. ಕೊನೆಯ ಪಂದ್ಯದಲ್ಲಿ ಪೋರ್ಟೊ ವಿರುದ್ಧ 4-4, ಪ್ಯಾಲೆಸ್ಟೈನ್ ಪರ ಆಡುವ ವಸ್ಸಾಮ್ ಅಬೂ ಅಲಿ ಅವರಿಂದ ಮೂರು ಗೋಲು. ತಂಡ ಮುಂದಿನ ಸುತ್ತಿಗೆ ಹೋಗಲಿಲ್ಲ. ಆದರೆ ಆ ಗ್ಯಾಲರಿ ನೋಡಿದವರಿಗೆ, ಕೈರೋದಲ್ಲೂ ಇಷ್ಟೇ ಜನ ಇಷ್ಟೇ ಜೋರಾಗಿ ಹಾಡಲು ಯಾವಾಗ ಬಿಡುತ್ತಾರೆ ಅನ್ನುವ ಪ್ರಶ್ನೆ ಬಾರದೆ ಇರುವುದಿಲ್ಲ.