ಬಂಗಲೆಯ ಗೋಡೆಗೆ ಬಂದ ಹೆಸರಿಲ್ಲದ ದೊರೆಗಳು

ಸಕಲೇಶಪುರ, ಮೂಡಿಗೆರೆ ಸೀಮೆಯ ಕಾಫಿ ತೋಟದ ಬಂಗಲೆಗಳು ಹೋಂಸ್ಟೇಗಳಾದ ಮೇಲೆ, ಹಜಾರಕ್ಕೆ ಹಳೆಯ ಕಾಲದ ಕಳೆ ಬರಲೆಂದು ಕೆಂಪು ಕೋಟಿನ ಸೇನಾಧಿಕಾರಿಯದೋ ಮುತ್ತಿನ ಹಾರ ತೊಟ್ಟ ರಾಣಿಯದೋ ದೊಡ್ಡ ಎಣ್ಣೆಬಣ್ಣದ ಚಿತ್ರವನ್ನು ತರಿಸಿ ತೂಗುಹಾಕುವುದು ಅಪರೂಪವಲ್ಲ. ಇದು ಯಾರೆಂದು ಅತಿಥಿ ಕೇಳಿದರೆ ‘ಬ್ರಿಟಿಷರ ಕಾಲದ್ದು’ ಎಂಬಲ್ಲಿಗೆ ಉತ್ತರ ಮುಗಿಯುತ್ತದೆ. ಚಿತ್ರ ನಕಲೆಂಬುದರ ಬಗ್ಗೆ ನನ್ನ ತಕರಾರಿಲ್ಲ, ಏಕೆಂದರೆ ವಸಾಹತು ಕಾಲದ ಭಾವಚಿತ್ರಗಳು ಬಹುಪಾಲು ಪ್ರತಿಯಾಗಲೆಂದೇ ಹುಟ್ಟಿದವು. ಆದರೆ ಆಗಿನ ಪ್ರತಿ ಯಾರದೆಂಬುದು ನೋಡುವವನಿಗೆ ತಿಳಿದಿರುತ್ತಿತ್ತು. ಈಗಿನ ಪ್ರತಿಯಿಂದ ಹೆಸರೂ ಇಸವಿಯೂ ಉದುರಿಹೋಗಿವೆ.

ಮೂರನೇ ಜಾರ್ಜ್ 1760ರಲ್ಲಿ ಇಂಗ್ಲೆಂಡಿನ ಪಟ್ಟಕ್ಕೆ ಬಂದಾಗ ಅಲನ್ ರಾಮ್ಸೆ ಬರೆದ ಪಟ್ಟಾಭಿಷೇಕದ ಉಡುಪಿನ ಚಿತ್ರವನ್ನು ರಾಯಭಾರಿಗಳಿಗೂ ವಸಾಹತುಗಳ ಗವರ್ನರುಗಳಿಗೂ ಕಳುಹಿಸಬೇಕಾಗಿದ್ದುದರಿಂದ, ರಾಮ್ಸೆಯ ಸಹಾಯಕರು ವರ್ಷಗಟ್ಟಲೆ ಅದೊಂದೇ ಚಿತ್ರವನ್ನು ಮತ್ತೆ ಮತ್ತೆ ಬರೆಯುತ್ತಿದ್ದರು. ಭಾರತದಲ್ಲಿ ಬ್ರಿಟಿಷ್ ಭಾವಚಿತ್ರಕಾರರಿಗೆ ದಾರಿ ಮಾಡಿದವನು 1769ರಲ್ಲಿ ಮದರಾಸಿಗೆ ಬಂದ ಟಿಲ್ಲಿ ಕೆಟಲ್. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆಯೊಂದಿಗೆ ನಮ್ಮ ನಾಡಿಗೆ ಬಂದ ರಾಬರ್ಟ್ ಹೋಮ್, 1804ರಲ್ಲಿ ಕಲ್ಕತ್ತೆಯಲ್ಲಿ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಭಾವಚಿತ್ರ ಬರೆದನು. ಅದಕ್ಕೂ ಹಲವು ಪ್ರತಿಗಳಾದವು. ಆ ಚಿತ್ರಕ್ಕೆ ಎರಡೇ ವರ್ಷ ಮೊದಲು, 1802ರಲ್ಲಿ, ಸಕಲೇಶಪುರ ಸೀಮೆಯದೇ ಆದ ಐಗೂರಿನ ಪಾಳೇಗಾರ ವೆಂಕಟಾದ್ರಿ ನಾಯಕನ ಮೇಲೆ ದಂಡೆತ್ತಿ ಬಂದು ಅವನನ್ನು ಗಲ್ಲಿಗೇರಿಸಿದವನು ಇದೇ ವೆಲ್ಲೆಸ್ಲಿ. ಅವನ ಮುಖವನ್ನು ಐಗೂರು ಸೀಮೆಯ ಹಜಾರದಲ್ಲೇ ಬರಿಯ ಅಲಂಕಾರಕ್ಕೆಂದು ತೂಗುಹಾಕುವ ಪ್ರಮಾದ ಗೊತ್ತಿದ್ದೂ ಯಾರಿಂದಲೂ ಆಗಲಾರದು, ಹೆಸರು ಬರೆಯದಿದ್ದರೆ ಗೊತ್ತಿಲ್ಲದೆ ಆಗಬಹುದು.

ನಕಲನ್ನು ದೂರದ ಅಗ್ಗದ ಕೈಗಳಿಂದ ಬರೆಸುವುದೂ ಹೊಸ ಸಂಗತಿಯಲ್ಲ. ಅಮೆರಿಕದ ಗಿಲ್ಬರ್ಟ್ ಸ್ಟುವರ್ಟ್ ಬರೆದ ಜಾರ್ಜ್ ವಾಷಿಂಗ್ಟನ್‌ನ ಚಿತ್ರವೊಂದನ್ನು ಕೊಂಡ ಹಡಗಿನ ಕಪ್ತಾನ ಜಾನ್ ಸ್ವೋರ್ಡ್, ಅದನ್ನು ಚೀನಾದ ಕ್ಯಾಂಟನ್‌ಗೆ ಒಯ್ದು ಸುಮಾರು 100 ಪ್ರತಿಗಳನ್ನು ಮಾಡಿಸಿ ಮಾರತೊಡಗಿದಾಗ, ಸ್ಟುವರ್ಟ್ 1802ರಲ್ಲಿ ಫಿಲಡೆಲ್ಫಿಯಾದ ನ್ಯಾಯಾಲಯದಿಂದ ತಡೆ ತಂದನು. ಸ್ಟುವರ್ಟನೇ ತನ್ನ ಇನ್ನೊಂದು ವಾಷಿಂಗ್ಟನ್ ಚಿತ್ರದ ಹತ್ತಾರು ಪ್ರತಿಗಳನ್ನು ಬರೆದು, ಅವನ್ನು ತನ್ನ ನೂರು ಡಾಲರ್ ನೋಟುಗಳೆಂದು ಕರೆದುಕೊಳ್ಳುತ್ತಿದ್ದವನು. ಕ್ಯಾಂಟನ್ ಇರುವ ಗುವಾಂಗ್‌ಡಾಂಗ್ ಪ್ರಾಂತ್ಯದಲ್ಲೇ, ಶೆನ್‌ಜೆನ್ ನಗರದ ಡಾಫೆನ್‌ಗೆ 1989ರಲ್ಲಿ ಹಾಂಗ್‌ಕಾಂಗ್‌ನ ವ್ಯಾಪಾರಿ ಹುವಾಂಗ್ ಜಿಯಾಂಗ್ ಕೆಲವು ಕಲಾವಿದರೊಡನೆ ಬಂದು ನೆಲೆಯೂರಿದ ಮೇಲೆ, ಆ ಊರು ಜಗತ್ತಿಗೆಲ್ಲ ಕೈಬರಹದ ಎಣ್ಣೆಚಿತ್ರಗಳನ್ನು ಒದಗಿಸುವ ಕೇಂದ್ರವಾಯಿತು.

‘ಕೈಯಲ್ಲೇ ಬರೆದದ್ದು’ ಎಂಬ ಮಾತನ್ನೂ ಒಮ್ಮೆ ಪರೀಕ್ಷಿಸಬೇಕು. ಕ್ಯಾನ್ವಾಸಿನ ಮೇಲೆ ಯಂತ್ರದಿಂದ ಅಚ್ಚುಹಾಕಿ, ಮೇಲೆ ಪಾರದರ್ಶಕ ಜೆಲ್ಲನ್ನು ಕುಂಚದಲ್ಲಿ ಬಳಿದು ಮಾರುವುದುಂಟು. ಟಾರ್ಚಿನ ಬೆಳಕನ್ನು ಪಕ್ಕದಿಂದ ಬಿಟ್ಟು ನೋಡಿದರೆ, ಅಂಥದರಲ್ಲಿ ಕುಂಚದ ಗೆರೆಗಳು ಮೂಗಿನ ಏರಿಗಾಗಲಿ ಕೋಟಿನ ಮಡಿಕೆಗಾಗಲಿ ಸಂಬಂಧವಿಲ್ಲದೆ ಒಂದೇ ದಿಕ್ಕಿಗೆ ಹರಿದಿರುತ್ತವೆ. ಭೂತಗನ್ನಡಿ ಹಿಡಿದರೆ ಕೆನ್ನೆಯ ಬಣ್ಣ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆಯುತ್ತದೆ. ನಿಜವಾದ ಕೈಬರಹದ ಪ್ರತಿಯಲ್ಲಿ ಮೂಲಕ್ಕೂ ಕ್ಯಾನ್ವಾಸಿಗೂ ಚೌಕುಳಿ ಎಳೆದು ರೇಖೆಗಳನ್ನು ಸಾಗಿಸಿ, ತೆಳುವಾದ ಕಂದು ಬಣ್ಣದಲ್ಲಿ ನೆರಳುಗಳನ್ನು ಕೂರಿಸಿ, ಒಂದು ಲೇಪ ಒಣಗಿದ ಮೇಲೆ ಇನ್ನೊಂದನ್ನು ಹಚ್ಚುತ್ತಾರೆ. ಅಗಸೆ ಎಣ್ಣೆ ನೀರಿನಂತೆ ಆರಿಹೋಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಅವಸರಕ್ಕೆ ಬಗ್ಗುವ ಕೆಲಸ ಇದಲ್ಲ. ಇನ್ನು ‘200 ವರ್ಷದ ಮೂಲಚಿತ್ರ’ ಎಂದು ಯಾರಾದರೂ ತಂದರೆ, ಅದರ ಬಿಳಿಯಲ್ಲಿ ಟೈಟೇನಿಯಂ ಸಿಕ್ಕರೆ ಅನುಮಾನಿಸಲು ಅಷ್ಟೇ ಸಾಕು, ಆ ಬಣ್ಣ ಕಲಾವಿದರ ಕೈಗೆ ಬಂದದ್ದೇ 20ನೇ ಶತಮಾನದಲ್ಲಿ. ಹಳಬರು ಬಳಸಿದ್ದು ಸೀಸದ ಬಿಳಿ.

ಒಳ್ಳೆಯ ಕೈಯಿಂದಲೂ ಏನು ತಪ್ಪಿಹೋಗಬಹುದೆಂಬುದಕ್ಕೆ ಮೈಸೂರಿನದೇ ಉದಾಹರಣೆಯಿದೆ. ಐರ್ಲೆಂಡಿನ ಥಾಮಸ್ ಹಿಕಿ 1805ರ ಸುಮಾರಿಗೆ ಮೈಸೂರು ಅರಮನೆಯ ಮೂವರು ಸ್ತ್ರೀಯರನ್ನು ಒಂದೇ ಕ್ಯಾನ್ವಾಸಿನಲ್ಲಿ ಬರೆದನು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಇದನ್ನು ಸಿಡುಬಿನ ಹೊಸ ಲಸಿಕೆಯ ಪ್ರಚಾರಕ್ಕೆ ಸಂಬಂಧಿಸಿದ ಚಿತ್ರವೆಂದು ಓದಿದ್ದಾರೆ. ಬಲಗಡೆಯ ಕಿರಿಯ ರಾಣಿಯ ಕೈ ಲಸಿಕೆ ಹಾಕಿದ ತೋಳಿನತ್ತ ಗಮನ ಸೆಳೆಯುತ್ತದೆ. ಎಡಗಡೆಯವಳ ಮೂಗು ಬಾಯಿಗಳ ಸುತ್ತ ಬಣ್ಣ ಮಾಸಿರುವುದು, ಸಿಡುಬಿನ ಹುರುಪೆಯ ಪುಡಿಯನ್ನು ಮೂಗಿಗೆ ಊದುತ್ತಿದ್ದ ಹಳೆಯ ಪದ್ಧತಿಯ ಗುರುತು. ಈ ಓದು ಒಪ್ಪಿಗೆಯಾಗಲಿ ಬಿಡಲಿ, ಅದು ನಿಂತಿರುವುದು ಆ ಮಾಸಿದ ಚರ್ಮದ ಮೇಲೆಯೇ. ಪರದೆಯ ಮೇಲಿನ ಸಣ್ಣ ಫೋಟೋ ನೋಡಿ ಬರೆಯುವ ನಕಲುಗಾರನಿಗೆ ಅದು ಕೊಳೆಯಂತೆ ಕಂಡೀತು. ಗಿರಾಕಿಗೆ ಸುಂದರ ರಾಣಿ ಬೇಕಾದ್ದರಿಂದ ಅವನು ಅದನ್ನು ತಿದ್ದಿಯೇ ತಿದ್ದುತ್ತಾನೆ.

ಕಾನೂನಿನ ಅಡ್ಡಿ ಇಂಥ ಪ್ರತಿಗಳಿಗಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ರಕ್ಷಣೆ ಕಲಾವಿದನು ತೀರಿಕೊಂಡು 60 ವರ್ಷಕ್ಕೆ ಮುಗಿಯುತ್ತದೆ, ಹಿಕಿ ತೀರಿಕೊಂಡದ್ದು 1824ರಲ್ಲಿ. ಮಲೆನಾಡಿನ ಮಳೆಯದು ಬೇರೆಯೇ ಕಾಟ: ಜೂನ್‌ನಿಂದ ತೇವ ಹೀರಿದ ಕ್ಯಾನ್ವಾಸ್ ಸಡಿಲಾಗಿ, ಹೊರಗೋಡೆಗೆ ತಾಗಿಸಿ ತೂಗುಹಾಕಿದ್ದರೆ ಬೆನ್ನಿಗೆ ಬೂಷ್ಟು ಹಿಡಿಯುತ್ತದೆ.

ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯ ತನ್ನ ಚಿತ್ರಗಳೆದುರು ಕುಳಿತು ಪ್ರತಿ ಬರೆಯಲು ಅನುಮತಿ ಕೊಡುತ್ತದೆ. ಆದರೆ ಪ್ರತಿಯ ಅಳತೆ ಮೂಲಕ್ಕಿಂತ ಬೇರೆಯಾಗಿರಬೇಕು, ಮೂಲ ಕಲಾವಿದನ ಸಹಿಯನ್ನು ಅನುಕರಿಸಕೂಡದು, ಕ್ಯಾನ್ವಾಸಿನ ಬೆನ್ನಿಗೆ ಮುದ್ರೆ ಬೀಳಬೇಕು. ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಚಿತ್ರ ಬರೆಸುವವರು ಇದಕ್ಕೆ ಇನ್ನೊಂದು ಸಾಲು ಸೇರಿಸಬಹುದು: ಚಿತ್ರದಲ್ಲಿರುವವರು ಯಾರು, ಮೂಲ ಬರೆದವರು ಯಾರು, ಈ ಪ್ರತಿಯನ್ನು ಯಾವ ವರ್ಷ ಯಾರು ಬರೆದರು ಎಂಬುದನ್ನು ಚೌಕಟ್ಟಿನ ಕೆಳಗೆ ಕನ್ನಡದಲ್ಲಿ ಬರೆಸುವುದು.